‘ಅಟ್ ಲೀಸ್ಟ್’ ಎಂದರೆ ಎಷ್ಟು?

ಭೌತಶಾಸ್ತ್ರವನ್ನು ಬೋಧಿಸುವವನು ಇಂಗ್ಲಿಷ್ ವ್ಯಾಕರಣದ ಗೊಡವೆಗೆ ಏಕೆ ಹೋಗಬೇಕೆಂದು ವಾಚಕರು ಕೇಳಬಹುದು. ನನ್ನನ್ನು ಅತ್ತ ಎಳೆದದ್ದು ತರಗತಿಯ ಒಂದು ಪ್ರಸಂಗ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೆಲದಿಂದ ಮೇಲಕ್ಕೆಸೆದ ವಸ್ತು ಭೂಮಿಗೆ ಮರಳಿ ಬೀಳದಿರಲು ಅದರ ವೇಗವು ಸೆಕೆಂಡಿಗೆ ‘ಅಟ್ ಲೀಸ್ಟ್’ ೧೧.೨ ಕಿಲೋಮೀಟರ್ ಇರಬೇಕು. ಕನ್ನಡ ಶಾಲೆಯಲ್ಲಿ ಓದಿ ಬಂದಿದ್ದ, ಲೆಕ್ಕದಲ್ಲಿ ಬಲು ಚುರುಕಾದ ವಿದ್ಯಾರ್ಥಿಯೊಬ್ಬನು ಈ ವಾಕ್ಯವನ್ನೋದಿ, ವೇಗವು ೧೧.೨ಕ್ಕಿಂತ ಕಡಿಮೆ ಎಂಬ ಚಿಹ್ನೆಯನ್ನು ಬರೆದನು. ಮುಂದಿನ ಲೆಕ್ಕವನ್ನೆಲ್ಲ ಎಲ್ಲಿಯೂ ತಪ್ಪದೆ ಮಾಡಿ, ತಲೆಕೆಳಗಾದ ಉತ್ತರವನ್ನು ತಂದನು. ಕಾರಣವೇನೆಂದು ಕೇಳಿದಾಗ, “ಲೀಸ್ಟ್ ಎಂದರೆ ಎಲ್ಲಕ್ಕಿಂತ ಕಡಿಮೆ ಎಂದಲ್ಲವೇ, ಸಾರ್?” ಎಂದನು. ಅವನು ಹೇಳಿದ ಅರ್ಥವು ಸುಳ್ಳಲ್ಲ. ‘ಲೀಸ್ಟ್’ ಅವನಿಗೆ ತಿಳಿದಿತ್ತು. ಅದರ ಹಿಂದೆ ನಿಂತ ‘ಅಟ್’ ತಿಳಿದಿರಲಿಲ್ಲ.

ಇಂಗ್ಲಿಷಿನಲ್ಲಿ ಗುಣವಾಚಕಗಳಿಗೆ ಮೂರು ಮೆಟ್ಟಿಲುಗಳುಂಟು: ಟಾಲ್, ಟಾಲರ್, ಟಾಲೆಸ್ಟ್. ಸಂಸ್ಕೃತದಲ್ಲಿಯೂ ಇಂತಹ ಏರ್ಪಾಡಿದೆ. ಅಲ್ಲಿಯ ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳು ಸೇರಿಯೇ ನಮ್ಮ ‘ತಾರತಮ್ಯ’ ಎಂಬ ಮಾತಾಯಿತು. ಕನಿಷ್ಠ, ಗರಿಷ್ಠ, ಶ್ರೇಷ್ಠ ಎಂಬ ಪದಗಳ ಕೊನೆಯಲ್ಲಿರುವ ‘ಇಷ್ಠ’ ಎಂಬುದೂ ಇಂಗ್ಲಿಷಿನ ‘ಎಸ್ಟ್’ ಎಂಬುದೂ ಒಂದೇ ಪುರಾತನ ಮೂಲದಿಂದ ಬಂದವು. ಅಚ್ಚ ಕನ್ನಡದಲ್ಲಿ ಇಂತಹ ಪ್ರತ್ಯಯವಿಲ್ಲ. ‘ಎಲ್ಲಕ್ಕಿಂತ ಎತ್ತರ’ ಎಂದು ಬಿಡಿಸಿ ಹೇಳುತ್ತೇವೆ.

ಮೂರನೆಯ ಮೆಟ್ಟಿಲಿನ ಪದಕ್ಕೆ ಮುಂಚೆ ‘ದಿ’ ಬರಬೇಕೆಂದು ಶಾಲೆಯಲ್ಲಿ ಕಲಿಸುತ್ತಾರೆ. ‘ಅಟ್ ಲೀಸ್ಟ್’ ಎಂಬಲ್ಲಿ ಅದಿಲ್ಲ. ಏಕೆಂದರೆ ಇಲ್ಲಿ ‘ಲೀಸ್ಟ್’ ಯಾವುದೋ ಒಂದು ವಸ್ತುವನ್ನು ವರ್ಣಿಸುತ್ತಿಲ್ಲ. ಅಳತೆಪಟ್ಟಿಯ ಮೇಲಿನ ಒಂದು ಗುರುತಾಗಿ ನಿಂತಿದೆ. ‘ಅಟ್’ ಎಂಬುದರ ಸಹಜವಾದ ಕೆಲಸವೇ ಬಿಂದುವನ್ನು ತೋರಿಸುವುದು. ಸಾಮಾನ್ಯ ವಾಯುಭಾರದಲ್ಲಿ ನೀರು ಕುದಿಯುವುದು ‘ಅಟ್’ ೧೦೦ ಡಿಗ್ರಿ ಸೆಂಟಿಗ್ರೇಡ್; ಊಟಕ್ಕೆ ಕೂಡುವುದು ‘ಅಟ್’ ಒಂದು ಗಂಟೆ. ಹಾಗೆಯೇ ‘ಅಟ್ ಲೀಸ್ಟ್’ ಎಂದರೆ, ಪಟ್ಟಿಯ ಮೇಲೆ ಅತ್ಯಂತ ಕಡಿಮೆ ಎಂಬ ಬಿಂದುವಿನಲ್ಲಿ ಒಂದು ಗಡಿಗಲ್ಲನ್ನು ನೆಟ್ಟ ಹಾಗೆ.

ಗಡಿಗಲ್ಲು ಕೆಳತುದಿಯಲ್ಲಿ ನಿಂತರೆ ಒಪ್ಪಿತವಾದ ಪ್ರದೇಶವು ಎತ್ತ ಇರಬೇಕು? ಮೇಲಕ್ಕೇ ಅಲ್ಲವೇ? ಇದೇ ಈ ನುಡಿಗಟ್ಟಿನ ಮರ್ಮ. ಪದವು ‘ಕಡಿಮೆ’ಯನ್ನು ಹೆಸರಿಸುತ್ತದೆ, ಅನುಮತಿಯು ‘ಹೆಚ್ಚಿ’ನ ಕಡೆಗೆ ಹೊರಡುತ್ತದೆ. ‘ಅಟ್ ಮೋಸ್ಟ್’ ಎಂಬುದು ಇದರ ಪ್ರತಿಬಿಂಬ: ಯಾವ ಸಂಕೇತವೂ ಶೂನ್ಯದಲ್ಲಿ ಸೆಕೆಂಡಿಗೆ ‘ಅಟ್ ಮೋಸ್ಟ್’ ೨,೯೯,೭೯೨ ಕಿಲೋಮೀಟರ್ ವೇಗದಿಂದ ಹೋಗಬಲ್ಲುದು ಎಂದಾಗ, ಗಡಿಗಲ್ಲು ಮೇಲ್ತುದಿಯಲ್ಲಿದೆ, ಒಪ್ಪಿತವಾದ ವೇಗಗಳೆಲ್ಲ ಅದರ ಕೆಳಗಿವೆ. ಹೆಚ್ಚು, ಕಡಿಮೆ ಎಂಬುದನ್ನು ಸೂಚಿಸುವ, ನಾವಿಂದು ಬಳಸುವ ಚಿಹ್ನೆಗಳು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು ೧೬೩೧ರಲ್ಲಿ, ಥಾಮಸ್ ಹ್ಯಾರಿಯಟ್‌ನ ಮರಣಾನಂತರ ಪ್ರಕಟವಾದ ಅವನ ಬೀಜಗಣಿತ ಗ್ರಂಥದಲ್ಲಿ. ಆಡುಮಾತಿನಲ್ಲಿ ಆ ಚಿಹ್ನೆಗಳ ಕೆಲಸವನ್ನು ‘ಅಟ್’ ಎಂಬ ಪುಟ್ಟ ಪದವೇ ನಡೆಸುತ್ತದೆ.

ಈ ಕೀಲಿಕೈಯಿಂದ ಇತರ ಬೀಗಗಳೂ ತೆರೆಯುತ್ತವೆ. ಒಂದು ಪ್ರಯೋಗದ ಫಲಿತಾಂಶ ‘ಅಟ್ ಬೆಸ್ಟ್’ ಸಾಧಾರಣ ಎಂದರೆ ಅದು ಹೊಗಳಿಕೆಯಲ್ಲ. ಎಷ್ಟೇ ಒಳ್ಳೆಯ ಮನಸ್ಸಿನಿಂದ ನೋಡಿದರೂ ಸಾಧಾರಣಕ್ಕಿಂತ ಮೇಲೇರದು ಎಂಬ ತೀರ್ಪು. ಆದರೆ ‘ಅಟ್ ಇಟ್ಸ್ ಬೆಸ್ಟ್’ ಎಂದೊಡನೆ ಅರ್ಥ ಬದಲಾಗಿ, ತನ್ನ ಪೂರ್ಣ ಕಳೆಯಲ್ಲಿರುವುದು ಎಂದಾಗುತ್ತದೆ. ‘ಫಸ್ಟ್’, ‘ಲಾಸ್ಟ್’ ಎಂಬುವೂ ಹುಟ್ಟಿನಲ್ಲಿ ಇದೇ ಮೆಟ್ಟಿಲಿನವು. ‘ಲಾಸ್ಟ್’ ಎಂಬುದು ‘ಲೇಟ್’ ಎಂಬುದರ ಹಳೆಯ ತುದಿರೂಪ. ‘ಅಟ್ ಫಸ್ಟ್’ ಎಂದಾಗ, ಮೊದಲು ಹಾಗಿತ್ತು, ಆಮೇಲೆ ಬದಲಾಯಿತು ಎಂಬ ಸೂಚನೆ ಸಾಮಾನ್ಯವಾಗಿ ಇರುತ್ತದೆ. ‘ಅಟ್ ಲಾಸ್ಟ್’ ಎಂಬುದರಲ್ಲಿ ಬಹಳ ಕಾಯ್ದವನ ನಿಟ್ಟುಸಿರಿರುತ್ತದೆ. ಪಟ್ಟಿಯ ಕೊನೆಯ ಅಂಶವನ್ನು ಹೇಳುವಾಗ ಅದು ಸಲ್ಲದು; ಅಲ್ಲಿ ‘ಲಾಸ್ಟ್‌ಲಿ’ ಎನ್ನಬೇಕು.

ಕಾಲದ ವಿಷಯದಲ್ಲಿ ನಾವು ಭಾರತೀಯರು ವಿಶೇಷವಾಗಿ ಎಚ್ಚರದಿಂದಿರಬೇಕು. ನಮ್ಮ ಕಚೇರಿಯ ಪತ್ರಗಳಲ್ಲಿ ‘ಅಟ್ ದಿ ಅರ್ಲಿಯೆಸ್ಟ್’ ಎಂದರೆ ಆದಷ್ಟು ಬೇಗನೆ ಎಂದರ್ಥ. ಇಂಗ್ಲೆಂಡಿನವನ ಕಿವಿಗೆ ‘ಸೋಮವಾರ ಅಟ್ ದಿ ಅರ್ಲಿಯೆಸ್ಟ್’ ಎಂದರೆ ಸೋಮವಾರಕ್ಕಿಂತ ಮುಂಚೆ ಆಗುವುದಿಲ್ಲ ಎಂದರ್ಥ. ಸೋಮವಾರದೊಳಗೆ ಬೇಕಾದರೆ ‘ಅಟ್ ದಿ ಲೇಟೆಸ್ಟ್’ ಎನ್ನಬೇಕು. ಇಲ್ಲಿಯೂ ನಿಯಮ ಒಂದೇ: ‘ಅರ್ಲಿಯೆಸ್ಟ್’ ಕೆಳಗಿನ ಗಡಿ, ಕಾಲ ಅಲ್ಲಿಂದ ಮುಂದಕ್ಕೆ, ‘ಲೇಟೆಸ್ಟ್’ ಮೇಲಿನ ಗಡಿ, ಕಾಲ ಅಲ್ಲಿಯವರೆಗೆ.

‘ಅಟ್’ ಹೋಗಿ ಬೇರೆ ಪದ ಬಂದರೆ ಚಿತ್ರವೂ ಬೇರೆಯಾಗುತ್ತದೆ. ‘ನಾಟ್ ಇನ್ ದಿ ಲೀಸ್ಟ್’ ಎಂದರೆ ಎಳ್ಳಷ್ಟೂ ಇಲ್ಲ. ಈ ‘ಇನ್ ದಿ ಲೀಸ್ಟ್’ ಸಾಮಾನ್ಯವಾಗಿ ನಿಷೇಧ ಅಥವಾ ಪ್ರಶ್ನೆಯ ಜೊತೆಯಲ್ಲಿಯೇ ಬರುತ್ತದೆ. ‘ಟು ದಿ ಬೆಸ್ಟ್ ಆಫ್ ಮೈ ನಾಲೆಜ್’ ಎಂಬಲ್ಲಿಯ ‘ಟು’ ಎಂಬುದು ತಲಪುವ ಎಲ್ಲೆಯನ್ನು ಹೇಳುತ್ತದೆ: ನನ್ನ ತಿಳಿವು ಮುಟ್ಟುವವರೆಗೆ. ಇವುಗಳಲ್ಲಿ ‘ದಿ’ ಉಳಿದುಕೊಂಡಿದೆಯೆಂಬುದನ್ನೂ ಗಮನಿಸಬೇಕು.

ಕನ್ನಡವು ಇದನ್ನೇ ತನ್ನದೇ ದಾರಿಯಲ್ಲಿ ಸಾಧಿಸುತ್ತದೆ. ‘ಹೆಚ್ಚೆಂದರೆ ಹತ್ತು’, ‘ಹತ್ತಾದರೂ ಬೇಕು’ ಎನ್ನುವಾಗ ನಾವು ಬಿಂದುವನ್ನು ಗುರುತಿಸುವುದಿಲ್ಲ. ‘ಎಂದರೆ’, ‘ಆದರೂ’ ಎಂದು ಒಂದು ಪಂದ್ಯ ಕಟ್ಟುತ್ತೇವೆ. ‘ಊಟವಿಲ್ಲದಿದ್ದರೆ ನೀರಾದರೂ ಕೊಡಿ’ ಎಂಬಲ್ಲಿಯ ‘ಆದರೂ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಅಟ್ ಲೀಸ್ಟ್’ ಎಂಬುದೇ ಸರಿಯಾದ ಜೋಡಿ. ಬಿಡಿ ಪದಕ್ಕೆ ಬಿಡಿ ಪದವನ್ನು ಹುಡುಕಿದ ನನ್ನ ವಿದ್ಯಾರ್ಥಿ ಎಡವಿದ್ದು ಇಲ್ಲಿಯೇ. ‘ಕಡಿಮೆಯಲ್ಲಿ’ ಎಂದುಕೊಳ್ಳುವ ಬದಲು ‘ಇಷ್ಟಾದರೂ’ ಎಂದುಕೊಂಡಿದ್ದರೆ ಚಿಹ್ನೆ ತಾನಾಗಿ ಸರಿಯಾಗುತ್ತಿತ್ತು.

ಪರೀಕ್ಷೆಯಲ್ಲಿ ಇಂತಹ ತಪ್ಪಿಗೆ ಎರಡು ಅಂಕಗಳು ಹೋಗಬಹುದು. ಔಷಧದ ಚೀಟಿಯ ಮೇಲೆ ದಿನಕ್ಕೆ ‘ಅಟ್ ಮೋಸ್ಟ್’ ನಾಲ್ಕು ಗುಳಿಗೆ, ಎರಡರ ನಡುವೆ ‘ಅಟ್ ಲೀಸ್ಟ್’ ಆರು ಗಂಟೆ ಎಂದಿದ್ದರೆ, ಅದನ್ನು ತಿರುವುಮುರುವಾಗಿ ಓದಿದವರಿಗಾಗುವ ನಷ್ಟ ಅಂಕಗಳದಲ್ಲ. ಮನೆಯ ಹಿರಿಯರಿಗೆ ಆ ಚೀಟಿಯನ್ನು ಓದಿ ಹೇಳುವವರು ಬಹುಮಟ್ಟಿಗೆ ಇಂತಹ ವಿದ್ಯಾರ್ಥಿಗಳೇ. ಆದುದರಿಂದ ಈ ನುಡಿಗಟ್ಟುಗಳು ಎದುರಾದಾಗಲೆಲ್ಲ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳೋಣ: ಗಡಿಗಲ್ಲು ಯಾವ ತುದಿಯಲ್ಲಿದೆ? ನಡೆಯಲು ಅನುಮತಿ ಎತ್ತ ಕಡೆಗೆ? ಈಗ ನನ್ನ ತರಗತಿಯಲ್ಲಿ ‘ಅಟ್ ಲೀಸ್ಟ್’ ಎಂಬ ಮಾತು ಬಂದೊಡನೆ, ಲೆಕ್ಕಕ್ಕೆ ಮುಂಚೆ ಹಲಗೆಯ ಮೇಲೆ ಒಂದು ಗೆರೆಯನ್ನೆಳೆದು, ಗಡಿಗಲ್ಲನ್ನು ನೆಡುವಂತೆ ವಿದ್ಯಾರ್ಥಿಗಳಿಗೇ ಸೀಮೆಸುಣ್ಣವನ್ನು ಕೊಡುತ್ತೇನೆ.