ಪಂಕ್ತಿಭೇದವಿಲ್ಲದ ಪಂದ್ಯ

ಭಾನುವಾರ ನೀನು ಫೋನಿನಲ್ಲಿ ಹೇಳಿದ ಸುದ್ದಿ ಕೇಳಿ ಎರಡು ದಿನ ಅದೇ ಗುಂಗಿನಲ್ಲಿದ್ದೆ, ಅಳಿಯ. ರೆಡಿಂಗ್‌ನಲ್ಲಿ ಚರ್ಚಿನ ಹಾಲ್ ವಾರಕ್ಕೊಂದು ಸಂಜೆ ಬಾಡಿಗೆಗೆ ಸಿಕ್ಕಿದೆ, ಯಾರದೋ ಗ್ಯಾರೇಜಿನಲ್ಲಿದ್ದ ನಾಲ್ಕು ಲೇನಿನ ಟ್ರ್ಯಾಕ್ ಬಂದಿದೆ, ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ. ಒಂದು ಸ್ಲಾಟ್ ಕಾರ್ ಕ್ಲಬ್ ಶುರುವಾಗಲು ಇಷ್ಟು ಧಾರಾಳ. "ಮಾವ, ಯಾವ ಕಾರು ಕೊಳ್ಳೋಣ?" ಅಂತ ಕೇಳಿದೆಯಲ್ಲ, ಆ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡು. ಯಾವ ಪದ್ಧತಿಯಲ್ಲಿ ಓಡಿಸುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಲಿ.

ಈ ಕಾಗದವನ್ನು ನಿನ್ನ ಅಮ್ಮನೂ ಓದುತ್ತಾಳೆ, ಅವಳಿಗಾಗಿ ಎರಡು ಮಾತು. ಕಾರು ನಿಜವಾದ ಕಾರಿನ 32ರಲ್ಲಿ ಒಂದು ಪಾಲಿನಷ್ಟು. ಟ್ರ್ಯಾಕಿನ ಪ್ರತಿ ಲೇನಿನಲ್ಲೂ ಉದ್ದಕ್ಕೂ ಒಂದು ಸೀಳು. ಕಾರಿನ ಮೂತಿಯ ಕೆಳಗಿರುವ ಗೈಡು ಅದರೊಳಗೆ ಇಳಿದು ದಾರಿ ಹಿಡಿಯುತ್ತದೆ. ಸೀಳಿನ ಎರಡು ಬದಿಗೂ ಲೋಹದ ಪಟ್ಟಿ, ಅದರ ಮೇಲೆ ತಾಮ್ರದ ಸಣ್ಣ ಜಡೆಗಳು ಉಜ್ಜಿಕೊಂಡು ಹೋಗುತ್ತಾ ಮೋಟಾರಿಗೆ ವಿದ್ಯುತ್ ಕೊಡುತ್ತವೆ. ಓಡಿಸುವವರ ಕೈಯಲ್ಲಿರುವುದು ವೇಗ ಮಾತ್ರ. ತಿರುವಿನಲ್ಲಿ ವೇಗ ಹೆಚ್ಚಾದರೆ ಕಾರು ಸೀಳಿನಿಂದ ಹಾರಿ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಮನೆಮನೆಗೆ ತಲುಪಿಸಿದವರು ಫ್ರೆಡ್ ಫ್ರಾನ್ಸಿಸ್. ಸ್ಪ್ರಿಂಗಿನ ಬಲದಿಂದ ಓಡುವ ತಗಡಿನ ಕಾರುಗಳನ್ನು ಮಾಡುತ್ತಿದ್ದ ಅವರು 1957ರಲ್ಲಿ ಹ್ಯಾರೊಗೇಟ್‌ನ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಅನ್ನು ಜನರ ಮುಂದಿಟ್ಟರು.

ಈಗ ನಿನಗೆ ಹೇಳಬೇಕಾದದ್ದು. ಮಿಡ್‌ಲ್ಯಾಂಡ್ಸಿನ ಕ್ಲಬ್ಬೊಂದರಲ್ಲಿ ನಾನು ಮೂವತ್ತು ವರ್ಷ ಕಳೆದೆ. ಒಂದು ಚಳಿಗಾಲದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಅಪ್ಪನ ಜೊತೆ ಬಂದ. ಹುಟ್ಟುಹಬ್ಬಕ್ಕೆ ಸಿಕ್ಕ ಕಾರನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಅದರ ಮೋಟಾರು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತಿನದು, ಅಂಗಡಿಯ ಪೆಟ್ಟಿಗೆಯಿಂದ ಹೇಗೆ ಬರುತ್ತದೋ ಹಾಗೆ. ನಮ್ಮವರ ಕಾರುಗಳಲ್ಲಿ ನಲವತ್ತು ಸಾವಿರ ದಾಟುವ ಮೋಟಾರುಗಳಿದ್ದವು, ಒಬ್ಬೊಬ್ಬರ ಪೆಟ್ಟಿಗೆಯಲ್ಲಿ ಆರಾರು ಜೊತೆ ಟೈರು. ನಮ್ಮಲ್ಲಿ ಯಾರೂ ಮೋಸ ಮಾಡುತ್ತಿರಲಿಲ್ಲ. ನಿಯಮ ಬಿಟ್ಟಿದ್ದನ್ನೆಲ್ಲ ಮಾಡುತ್ತಿದ್ದೆವು, ಅಷ್ಟೇ. ಹುಡುಗ ಚೆನ್ನಾಗಿಯೇ ಓಡಿಸುತ್ತಿದ್ದ, ಬೀಳುತ್ತಿದ್ದುದೂ ಕಡಿಮೆ. ಆದರೂ ಪ್ರತಿ ಹೀಟಿನಲ್ಲೂ, ಅಂದರೆ ಪ್ರತಿ ಓಟದಲ್ಲೂ, ಹತ್ತು ಸುತ್ತು ಹಿಂದೆ. ಮೂರನೆಯ ವಾರ ನನ್ನ ಹತ್ತಿರ ಬಂದು ತಾನೇನು ತಪ್ಪು ಮಾಡುತ್ತಿದ್ದೇನೆಂದು ಕೇಳಿದ. ಅವನ ತಪ್ಪು ಏನೂ ಇರಲಿಲ್ಲ. ಅವನಪ್ಪ ಇನ್ನೂ ನೂರು ಪೌಂಡು ಖರ್ಚು ಮಾಡಿರಲಿಲ್ಲ, ಅದನ್ನು ಮಗುವಿಗೆ ಹೇಗೆ ಹೇಳುವುದು? ಐದನೆಯ ವಾರ ಅವರು ಬರಲಿಲ್ಲ. ನಿಯಮ ಬರೆದ ಮೂವರಲ್ಲಿ ನಾನೂ ಒಬ್ಬ. ಆ ಹುಡುಗನ ಮುಖ ಇವತ್ತಿಗೂ ಕಣ್ಣಮುಂದೆ ಇದೆ.

ಅದಕ್ಕೇ ಹೇಳುತ್ತೇನೆ: ನಿಯಮ ಬರೆಯುವಾಗ ಕ್ಲಬ್ಬಿನ ಅತಿ ವೇಗದವನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಇವತ್ತೇ ಮೊದಲ ಸಲ ಬಾಗಿಲು ತಳ್ಳಿಕೊಂಡು ಒಳಗೆ ಬಂದವರನ್ನು ಇಟ್ಟುಕೋ. ನಮ್ಮೂರ ಮದುವೆ ಊಟದಲ್ಲಿ ಸಾಲಿನ ಮೊದಲ ಎಲೆಗೂ ಕೊನೆಯ ಎಲೆಗೂ ಒಂದೇ ಪಾಯಸ ಬೀಳದಿದ್ದರೆ ಹಿರಿಯರು ಎದ್ದು ಹೋಗುತ್ತಿದ್ದರು. ಇಲ್ಲಿ ಎದ್ದು ಹೋಗುವವರು ಮಕ್ಕಳು, ಸದ್ದಿಲ್ಲದೆ. 1960ರ ದಶಕದ ಅಮೆರಿಕದಲ್ಲಿ ಬೀದಿಬೀದಿಗೆ ಸ್ಲಾಟ್ ಕಾರ್ ರೇಸ್‌ವೇಗಳು ತೆರೆದು ದಶಕ ಮುಗಿಯುವಷ್ಟರಲ್ಲಿ ಬಹುಪಾಲು ಮುಚ್ಚಿಹೋದವು. ಕಾರಣ ಹಲವು. ಕಾರುಗಳು ವಿಪರೀತ ವೇಗವಾಗಿ, ಅಂಗಡಿಯಲ್ಲಿ ಕೊಂಡ ಕಾರು ಹಿಡಿದು ಬಂದ ಹುಡುಗರಿಗೆ ಜಾಗವೇ ಇಲ್ಲದಂತಾಯಿತು ಅನ್ನುವುದು ಅದರಲ್ಲೊಂದು.

ಹಾಗಾದರೆ ಯಾವ ಪದ್ಧತಿ? ಕಾರುಗಳು ಕ್ಲಬ್ಬಿನವೇ ಆಗಿರಲಿ. ನಿಜವಾದ ರೇಸಿನಲ್ಲೇ ಇದಕ್ಕೆ ದಾರಿ ಇದೆ. 1973ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಐರಾಕ್ ಅನ್ನುವ ಸರಣಿ ಶುರುವಾಯಿತು. ಬೇರೆ ಬೇರೆ ರೇಸುಗಳ ಹೆಸರಾಂತ ಚಾಲಕರಿಗೆಲ್ಲ ಒಂದೇ ಬಗೆಯ ಪೋರ್ಷೆ ಕಾರು ಕೊಟ್ಟು ಓಡಿಸಿದರು. ಮೊದಲ ಸರಣಿ ಗೆದ್ದದ್ದು ಮಾರ್ಕ್ ಡೊನೊಹ್ಯು. ಕ್ಲಬ್ಬುಗಳಲ್ಲಿ ಈಗಲೂ ಕ್ಲಬ್ ಕಾರಿನ ಪಂದ್ಯಕ್ಕೆ ಐರಾಕ್ ಅನ್ನುವ ಹೆಸರೇ ಓಡಾಡುತ್ತದೆ.

ಲೆಕ್ಕ ಹಾಕಿ ನೋಡು. ಒಂದು ಸಾಧಾರಣ ಕಾರಿಗೆ 40 ಪೌಂಡಿನ ಆಸುಪಾಸು. ನಾಲ್ಕು ಲೇನಿಗೆ ನಾಲ್ಕು, ಮೇಲೆ ಎರಡು ಹೆಚ್ಚುವರಿ. ಆರು ಕಾರಿಗೆ 240. ಹನ್ನೆರಡು ಜನ ಹಂಚಿಕೊಂಡರೆ ತಲೆಗೆ 20. ಕೆಟ್ಟರೆ ಕ್ಲಬ್ಬೇ ರಿಪೇರಿ ಮಾಡಿಸುತ್ತದೆ. ಹೊಸಬರು ಬರಿಗೈಯಲ್ಲಿ ಬಂದರೂ ಆ ಸಂಜೆಯೇ ಓಡಿಸಬಹುದು.

ಆದರೆ ಒಂದೇ ಪೆಟ್ಟಿಗೆಯಿಂದ ತೆಗೆದ ಒಂದೇ ಮಾದರಿಯ ಕಾರುಗಳೂ ಒಂದೇ ತರಹ ಓಡುವುದಿಲ್ಲ, ಇದನ್ನು ನೆನಪಿಡು. ಒಂದರ ಮೋಟಾರು ಚುರುಕು, ಇನ್ನೊಂದರ ಅಚ್ಚು ಕೂದಲೆಳೆಯಷ್ಟು ಸೊಟ್ಟ. ಆದ್ದರಿಂದ ಕಾರನ್ನು ಲೇನಿಗೆ ಕಟ್ಟಿಹಾಕು. ಕೆಂಪು ಲೇನಿನ ಕಾರಿಗೆ ಕೆಂಪು ಚುಕ್ಕೆ, ಅದು ಸಂಜೆಯೆಲ್ಲ ಕೆಂಪು ಲೇನಿನಲ್ಲೇ ಇರಲಿ. ಜಾಗ ಬದಲಿಸುವವರು ಚಾಲಕರು. ಮೂರು ನಿಮಿಷದ ಹೀಟು, ಮುಗಿದ ಕೂಡಲೇ ಮುಂದಿನ ಲೇನಿಗೆ. ನಾಲ್ಕು ಲೇನಿನಲ್ಲಿ ಓಡಿಸಿದ ಸುತ್ತುಗಳನ್ನೆಲ್ಲ ಕೂಡಿಸಿದರೆ ಅದೇ ಫಲಿತಾಂಶ. ಒಳ್ಳೆಯ ಕಾರೂ ಎಲ್ಲರ ಪಾಲಿಗೆ ಬಂತು, ಮೊಂಡು ಕಾರೂ ಬಂತು. ಒಳಲೇನಿನ ಬಿಗಿ ತಿರುವೂ ಅಷ್ಟೇ. ಕೈಯಲ್ಲಿ ಹಿಡಿದು ವೇಗ ಹೆಚ್ಚುಕಡಿಮೆ ಮಾಡುವ ಕಂಟ್ರೋಲರನ್ನೂ ಲೇನಿಗೇ ಬಿಡು. 100 ಪೌಂಡ್ ದಾಟುವ ಕಂಟ್ರೋಲರುಗಳಿವೆ, ಆ ಬಾಗಿಲನ್ನು ತೆರೆಯಲೇಬೇಡ.

ಹನ್ನೆರಡು ಜನಕ್ಕೆ ಹನ್ನೆರಡು ಹೀಟು. ನಡುವೆ ಎರಡು ನಿಮಿಷ ಬಿಟ್ಟರೂ ಒಂದು ಗಂಟೆಯಲ್ಲಿ ಮುಗಿಯುತ್ತದೆ. ನಾಲ್ವರು ಓಡಿಸುವಾಗ ನಾಲ್ವರು ತಿರುವುಗಳಲ್ಲಿ ನಿಂತು ಬಿದ್ದ ಕಾರನ್ನು ಎತ್ತಿಡಬೇಕು, ಉಳಿದ ನಾಲ್ವರಿಗೆ ಚಹಾ. ಕಾರು ಎತ್ತಿಡುವ ಈ ಮಾರ್ಷಲ್ ಕೆಲಸ ತಪ್ಪಿಸಿಕೊಂಡವರಿಗೆ ಆ ಸಂಜೆಯ ಸುತ್ತುಗಳಲ್ಲಿ ಕಡಿತ ಅಂತ ಬರೆದಿಡು. ಈ ವಿಷಯದಲ್ಲಿ ಮಾತ್ರ ನಾನು ಕಠಿಣ. ಒಬ್ಬ ಸೋಮಾರಿ ಮಾರ್ಷಲ್ ಐದು ಸೆಕೆಂಡು ತಡಮಾಡಿದರೆ ಟ್ರ್ಯಾಕಿನ ಎಲ್ಲ ಸಮಾನತೆಯೂ ಅಲ್ಲೇ ಸೋರಿಹೋಗುತ್ತದೆ.

ಅಯಸ್ಕಾಂತದ ಬಗ್ಗೆ ನಿಮ್ಮಲ್ಲಿ ಜಗಳ ಬರುತ್ತದೆ, ಖಂಡಿತ. ಕಾರಿನ ಹೊಟ್ಟೆಯ ಕೆಳಗಿರುವ ಅಯಸ್ಕಾಂತ ಉಕ್ಕಿನ ಪಟ್ಟಿಯನ್ನು ಹಿಡಿದುಕೊಂಡು ಕಾರನ್ನು ತಿರುವಿನಲ್ಲಿ ಅಂಟಿಸುತ್ತದೆ. ಮನೆಯಲ್ಲಿ ಆಡುವ ಪುಟ್ಟ ಮಕ್ಕಳಿಗೆ ಅದು ಬೇಕು. ಕ್ಲಬ್ಬಿನಲ್ಲಿ ಅದು ಖರ್ಚಿನ ಮೂಲ: ಅರ್ಧ ಮಿಲಿಮೀಟರ್ ಕೆಳಗಿಳಿಸಿದರೆ ಹಿಡಿತ ಎಷ್ಟೋ ಹೆಚ್ಚಾಗುತ್ತದೆ, ಆಮೇಲೆ ಒಬ್ಬ ಇನ್ನೂ ಬಲವಾದದ್ದನ್ನು ತರಿಸುತ್ತಾನೆ, ಮರುವಾರ ಎಲ್ಲರೂ. ಜೊತೆಗೆ, ಅಂಟಿಕೊಂಡು ಓಡುವ ಕಾರು ಬೀಳುವ ಮುನ್ನ ಯಾವ ಸೂಚನೆಯೂ ಕೊಡುವುದಿಲ್ಲ, ಒಮ್ಮೆಲೇ ಚಿಮ್ಮುತ್ತದೆ. ಅದನ್ನು ಬಿಚ್ಚಿಬಿಟ್ಟರೆ ಹಿಂದಿನ ಚಕ್ರಗಳು ಮೆಲ್ಲಗೆ ಜಾರುವುದು ಕಣ್ಣಿಗೆ ಕಾಣುತ್ತದೆ, ಬೆರಳು ಅದಕ್ಕೆ ಉತ್ತರ ಕೊಡುವುದನ್ನು ಕಲಿಯುತ್ತದೆ. ಈ ಆಟದಲ್ಲಿ ನನಗೆ ಇಷ್ಟವಾದದ್ದೆಲ್ಲ ಆ ಜಾರುವಿಕೆಯಲ್ಲೇ ಇದೆ. ಬಿಚ್ಚು. ಗೈಡಿನ ಹಿಂದೆ ಚೂರು ಸೀಸದ ತುಂಡು ಅಂಟಿಸು. 12 ವೋಲ್ಟನ್ನು 10ಕ್ಕೆ ಇಳಿಸು. ಹೊಸಬರು ಕಡಿಮೆ ಬೀಳುತ್ತಾರೆ, ಟೈರು ಮೋಟಾರು ಹೆಚ್ಚು ಕಾಲ ಬಾಳುತ್ತವೆ, ಪಂದ್ಯದ ಬಿಗಿ ಒಂದು ಎಳೆಯೂ ಸಡಿಲವಾಗುವುದಿಲ್ಲ.

ಕೈಯಿಂದ ಕಾರು ಕಟ್ಟುವ ಹುಚ್ಚಿನವರು ನಿಮ್ಮಲ್ಲೂ ಇಬ್ಬರಾದರೂ ಇರುತ್ತಾರೆ. ಅವರಿಗೆ ಕ್ಲಬ್ ಕಾರು ಸಪ್ಪೆ ಅನ್ನಿಸುತ್ತದೆ. ಅವರನ್ನು ಕಳೆದುಕೊಳ್ಳಬೇಡ, ನಾಳೆ ಟ್ರ್ಯಾಕ್ ಕೆಟ್ಟರೆ ರಿಪೇರಿ ಮಾಡುವವರು ಅವರೇ. ತಿಂಗಳ ಕೊನೆಯ ಸಂಜೆಯನ್ನು ಸ್ವಂತ ಕಾರಿಗೆ ಬಿಟ್ಟುಕೊಡು. ಮೋಟಾರನ್ನು ಕ್ಲಬ್ಬಿನ ಡಬ್ಬಿಯಿಂದ ಚೀಟಿ ಎತ್ತಿ ಕೊಡು, ಟೈರು ಎಲ್ಲರಿಗೂ ಒಂದೇ ಅಂಗಡಿಯ ಒಂದೇ ಬಗೆಯದು, ಟೈರಿಗೆ ಎಣ್ಣೆ ಹಚ್ಚುವಂತಿಲ್ಲ. ಉಳಿದದ್ದು, ಅಂದರೆ ಚಕ್ರ ನೇರ ಮಾಡುವುದು, ಹಲ್ಲುಚಕ್ರ ಹದಗೊಳಿಸುವುದು, ತೂಕ ಎಲ್ಲಿಡಬೇಕೆಂದು ಹುಡುಕುವುದು, ಅವರ ಕೈಚಳಕಕ್ಕೆ ಬಿಟ್ಟದ್ದು. ದುಡ್ಡಿಗೆ ಬೇಲಿ ಹಾಕು, ಕೆಲಸಕ್ಕೆ ಹಾಕಬೇಡ. ಡಿಜಿಟಲ್, ಲೇನ್ ಬದಲಿಸುವ ಕಾರು, ಅವೆಲ್ಲ ಇನ್ನೆರಡು ವರ್ಷ ಆದಮೇಲೆ ನೋಡೋಣ.

ನಿಧಾನದವರಿಗೆ ಮೊದಲೇ ಐದು ಸುತ್ತು ಕೊಟ್ಟು ಸಮ ಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ದಾನವಾಗಿ ಬಂದ ಸುತ್ತು ಯಾರಿಗೂ ರುಚಿಸುವುದಿಲ್ಲ. ಸರಿಸಮಾನರನ್ನು ಒಂದೇ ಹೀಟಿನಲ್ಲಿ ಹಾಕು. ಒಂಬತ್ತನೆಯವನಿಗೂ ಹತ್ತನೆಯವನಿಗೂ ಪಕ್ಕದ ಲೇನಿನಲ್ಲಿ ಹೋರಾಡಲು ಒಬ್ಬ ಸಿಗಬೇಕು, ಅವರೂ ಕೊನೆಯ ಸುತ್ತಿನವರೆಗೆ ಉಸಿರು ಬಿಗಿಹಿಡಿಯಬೇಕು.

ವರ್ಷದ ಅಂಕಪಟ್ಟಿಗೆ ಹತ್ತು ಪಂದ್ಯದಲ್ಲಿ ಉತ್ತಮ ಏಳನ್ನು ಮಾತ್ರ ಲೆಕ್ಕಕ್ಕೆ ಹಿಡಿ. ಒಬ್ಬರಿಗೆ ರಾತ್ರಿ ಪಾಳಿ ಇರುತ್ತದೆ, ಇನ್ನೊಬ್ಬರ ಮಗುವಿಗೆ ಜ್ವರ. ಆದರೆ ಇದನ್ನು ಮೊದಲ ಪಂದ್ಯದ ಮುಂಚೆಯೇ ಗೋಡೆಗೆ ಅಂಟಿಸಿರಬೇಕು. 1988ರ ಫಾರ್ಮುಲಾ ಒನ್ ನೆನಪಿದೆಯಾ? ಆಗ ಹದಿನಾರರಲ್ಲಿ ಉತ್ತಮ ಹನ್ನೊಂದು ಮಾತ್ರ ಲೆಕ್ಕ. ಒಟ್ಟು ಅಂಕ ಪ್ರಾಸ್ಟ್‌ಗೆ 105, ಸೆನ್ನಾಗೆ 94; ಲೆಕ್ಕಕ್ಕೆ ಬಂದದ್ದು ಸೆನ್ನಾದು 90, ಪ್ರಾಸ್ಟ್‌ದು 87. ಕಿರೀಟ ಸೆನ್ನಾಗೆ ಹೋಯಿತು. ನಿಯಮ ವರ್ಷದ ಆರಂಭದಿಂದಲೂ ಇದ್ದದ್ದರಿಂದ ಅದು ನಿಂತಿತು. ನಡುವರ್ಷದಲ್ಲಿ ಒಂದು ಸಾಲು ತಿದ್ದಿದರೂ ಕ್ಲಬ್ ಎರಡು ಪಂಗಡ ಆಗುತ್ತದೆ. ನಿಯಮವೆಲ್ಲ ಒಂದೇ ಹಾಳೆಯ ಒಂದೇ ಮಗ್ಗುಲಿಗೆ ಹಿಡಿಸಲಿ.

ಮುಂದಿನ ಶನಿವಾರ ರೈಲಿನಲ್ಲಿ ಬರುತ್ತೇನೆ, ವೋಲ್ಟ್‌ಮೀಟರ್ ತರುತ್ತೇನೆ. ಹಳೆಯ ಟ್ರ್ಯಾಕಿನ ಜೋಡಣೆಗಳಲ್ಲಿ ವಿದ್ಯುತ್ ಸೊರಗಿರುತ್ತದೆ, ಒಂದು ಲೇನಿನ ದೂರದ ತುದಿಯಲ್ಲಿ ಕಾರು ಕುಂಟಿದರೆ ನಾನು ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ನಾಲ್ಕೂ ಲೇನನ್ನು ಗೇಣು ಗೇಣಾಗಿ ಅಳೆದು, ಬೇಕಾದಲ್ಲಿ ತಂತಿ ಬೆಸೆಯೋಣ. ಕಾರು ಕೊಳ್ಳುವುದು ಅದಾದಮೇಲೆ. ಅಲ್ಲಿಯವರೆಗೆ ಆ ಹನ್ನೆರಡು ಜನರ ಹಣವನ್ನು ಮುಟ್ಟಬೇಡ.