ತುರ್ತು ಬಾಗಿಲನ್ನು ಒಮ್ಮೆ ತಳ್ಳಿ ನೋಡಿ

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ನಾಳೆ ಮಿಷಿನ್ ಮುಂದೆ ಕೂರುವ ಮೊದಲು ನಿಮ್ಮ ಮಹಡಿಯ ತುರ್ತು ಬಾಗಿಲಿನವರೆಗೆ ನಡೆದು ಹೋಗಿ. ತಳ್ಳಿದರೆ ಅದು ತೆರೆಯುತ್ತದೆಯೇ? ದಾರಿಯಲ್ಲಿ ಬಟ್ಟೆಯ ಬಂಡಲುಗಳಿವೆಯೇ?

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಮೆಟ್ಟಿಲ ಕಡೆಯ ಬಾಗಿಲಿಗೆ ಬೀಗ ಬಿದ್ದಿತ್ತು. 2012ರಲ್ಲಿ ಕರಾಚಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ 250ಕ್ಕೂ ಹೆಚ್ಚು ಜನ ಬೆಂಕಿಗೆ ಬಲಿಯಾದರು. ಅಲ್ಲಿಯೂ ಮುಚ್ಚಿದ ಬಾಗಿಲು, ಸರಳು ಜಡಿದ ಕಿಟಕಿ. ಮಾಲು ಕಳವಾಗುತ್ತದೆಂದು ಹಾಕುವ ಆ ಬೀಗಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಬಗ್ಗಿ, ನೆಲಕ್ಕೆ ಹತ್ತಿರವಾಗಿ ಸಾಗಿ, ಲಿಫ್ಟ್ ಬೇಡ. ಕರೆಂಟ್ ಬೋರ್ಡಿಗೆ ಹತ್ತಿದ ಬೆಂಕಿಗೆ ನೀರು ಎರಚಬೇಡಿ. ಗೋಡೆಯ ಮೇಲಿನ, ಬೆಂಕಿ ಆರಿಸುವ ಪುಡಿಯ ಕೆಂಪು ಸಿಲಿಂಡರಿನ ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿ ಹಿಡಿದು ಒತ್ತಿ. ಅದರೊಳಗಿನ ಪುಡಿ ಸಾಮಾನ್ಯವಾಗಿ ಅರ್ಧ ನಿಮಿಷವೂ ಬಾರದು, ಹಾಗಾಗಿ ಅದು ಚಿಕ್ಕ ಬೆಂಕಿಗೆ ಮಾತ್ರ. ಬೆಂಕಿ ಆಳೆತ್ತರ ಏರಿದ್ದರೆ ಬ್ಯಾಗು, ಮೊಬೈಲು, ಊಟದ ಡಬ್ಬಿ ಎಲ್ಲ ಬಿಟ್ಟು ಹೊರಡಿ. ಹೊರಗೆ ಬಂದು 112ಕ್ಕೆ ಕರೆ ಮಾಡಿ, ಪಕ್ಕದವರು ಬಂದರೇ ಎಂದು ಎಣಿಸಿ.

ಬಾಗಿಲಿಗೆ ಬೀಗ ಕಂಡರೆ ಒಬ್ಬರೇ ಕೇಳಲು ಅಂಜಿಕೆಯಾಗುವುದು ಸಹಜ. ನಾಲ್ಕೈದು ಜನ ಸೇರಿ ಸೂಪರ್‌ವೈಸರ್ ಬಳಿ ಹೋಗಿ. ಆಗಲೂ ತೆರೆಯದಿದ್ದರೆ ಕಾರ್ಖಾನೆಗಳ ಇಲಾಖೆಗೆ ದೂರು ಬರೆಯಿರಿ.