ಕೆಂಗೇರಿಯಿಂದ ಸಾವನದುರ್ಗಕ್ಕೆ

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಮಗ್ಗುಲಲ್ಲಿರುವ ಕೆಂಗೇರಿಯು ಒಂದು ಕಾಲಕ್ಕೆ ಕೆರೆ, ತೋಟ, ದೇವಾಲಯಗಳಿಂದ ಕೂಡಿದ ಪ್ರತ್ಯೇಕ ಗ್ರಾಮವಾಗಿತ್ತು. ಬೆಂಗಳೂರಿನಿಂದ ಹೊರಟ ರೈಲುಮಾರ್ಗವು 1882ರಲ್ಲಿ ಮೈಸೂರನ್ನು ಮುಟ್ಟಿದಾಗ ಈ ಊರು ಹಾದಿಯ ಒಂದು ಚಿಕ್ಕ ನಿಲ್ದಾಣ. 2021ರಲ್ಲಿ ಮೆಟ್ರೋ ರೈಲು ಇಲ್ಲಿಗೆ ಬಂದಿತು. ಈಗ ಕೆಂಗೇರಿ ಎಲ್ಲಿ ಮುಗಿಯುತ್ತದೆ, ನಗರ ಎಲ್ಲಿ ಆರಂಭವಾಗುತ್ತದೆ ಎಂದು ಹೇಳುವುದು ಕಷ್ಟ. ಆದರೂ ಇಲ್ಲಿಂದ ಪಶ್ಚಿಮಕ್ಕೆ ಮುಖ ಮಾಡಿ ಒಂದು ದಿನ ಸಂಚರಿಸುವವನಿಗೆ ನದಿ, ವೃಕ್ಷ, ಬಂಡೆ, ದುರ್ಗ, ಶಾಸನ ಇವೆಲ್ಲವೂ ಒಂದರ ಹಿಂದೊಂದು ಎದುರಾಗುತ್ತವೆ. ಇದಕ್ಕಾಗಿ ದೂರದೇಶಕ್ಕೆ ಹೋಗಬೇಕಾಗಿಲ್ಲ. ಬುತ್ತಿಯ ಗಂಟು ಮತ್ತು ಗಟ್ಟಿಯಾದ ಕಾಲುಗಳಿದ್ದರೆ ಸಾಕು.

ಮೊದಲು ಎದುರಾಗುವುದು ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದ್ದರಿಂದ ಇದಕ್ಕೆ ವೃಷಭಾವತಿ ಎಂಬ ಹೆಸರು ಬಂದಿತೆಂದು ಜನರ ನಂಬಿಕೆ. ಬೆಂಗಳೂರು ನಗರವು ಒಂದು ಎತ್ತರವಾದ ದಿಣ್ಣೆಯ ಮೇಲೆ ಬೆಳೆದಿದೆ. ಆ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯನ್ನು ಸೇರುತ್ತದೆ. ರಾಜಾಜಿನಗರದ ಒಂದು ಮನೆಯ ಮಾಳಿಗೆಯ ಮೇಲೆ ಬಿದ್ದ ಹನಿಯು ಕಾಲುವೆಗಳಲ್ಲಿ ಇಳಿದು, ಕೆಂಗೇರಿಯನ್ನು ಹಾಯ್ದು, ಬೈರಮಂಗಲದ ಕೆರೆಯಲ್ಲಿ ತಂಗಿ, ಕನಕಪುರದ ಕಡೆಯಲ್ಲಿ ಅರ್ಕಾವತಿಯೊಡನೆ ಕೂಡಿ, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ನಕ್ಷೆಯಲ್ಲಿ ಬೆರಳಿಟ್ಟು ನೋಡಿದರೆ ಈ ದಾರಿ ಬಹಳ ಸುಂದರವಾಗಿದೆ.

ಸೇತುವೆಯ ಮೇಲೆ ನಿಂತು ನೋಡಿದವನಿಗೆ ಹಾಗೆ ತೋರುವುದಿಲ್ಲ. ನೀರು ಕಪ್ಪಾಗಿದೆ, ಮೇಲೆ ಬಿಳಿಯ ನೊರೆ ತೇಲುತ್ತದೆ, ದುರ್ಗಂಧವು ದೂರದಿಂದಲೇ ನದಿಯ ಇರವನ್ನು ಸಾರುತ್ತದೆ. ನಗರದ ಪಶ್ಚಿಮ ಭಾಗದ ಕೊಳಚೆ ಮತ್ತು ಕಾರ್ಖಾನೆಗಳ ಹೊಲಸು ಇದರಲ್ಲಿ ಸೇರಿರುವುದೇ ಕಾರಣ. ಬೇಸಗೆಯಲ್ಲಿ ಒಣಗಬೇಕಾಗಿದ್ದ ಈ ಚಿಕ್ಕ ನದಿಯು ವರ್ಷವಿಡೀ ತುಂಬಿ ಹರಿಯುತ್ತಿದೆ ಎಂಬುದು ವಿಚಿತ್ರವಾದರೂ ನಿಜ. ಏಕೆಂದರೆ ಅದರಲ್ಲಿರುವ ನೀರಿನ ಬಹುಪಾಲು ಮಳೆಯದಲ್ಲ, ಮನೆಮನೆಯ ಬಚ್ಚಲಿನದು. ಬೈರಮಂಗಲದ ಕೆಳಗಿನ ರೈತರು ಈ ನೀರನ್ನೇ ಹೊಲಗಳಿಗೆ ಹಾಯಿಸುತ್ತಾರೆ. ಬೇರೆ ನೀರಿಲ್ಲದವರಿಗೆ ಆಯ್ಕೆಯಾದರೂ ಎಲ್ಲಿಯದು? ತೊಳೆದ ನೀರನ್ನು ಚೆಲ್ಲುವ ನಗರವಾಸಿಗೂ, ಅದೇ ನೀರಿನಲ್ಲಿ ಕಾಲಿಟ್ಟು ಮಡಿ ಕಟ್ಟುವ ರೈತನಿಗೂ ಪರಸ್ಪರ ಪರಿಚಯವಿಲ್ಲ. ಅವರಿಬ್ಬರ ನಡುವೆ ಇರುವುದು ಈ ನದಿಯೊಂದೇ.

ಮೈಸೂರು ರಸ್ತೆಯಲ್ಲಿ ಮುಂದುವರಿದು, ಕುಂಬಳಗೋಡಿನ ಬಳಿ ಬಲಕ್ಕೆ ತಿರುಗಿ ರಾಮೋಹಳ್ಳಿಯ ಮಾರ್ಗ ಹಿಡಿದರೆ ಕೇತೋಹಳ್ಳಿಯ ದೊಡ್ಡ ಆಲದ ಮರ ಸಿಗುತ್ತದೆ. ದೂರದಿಂದ ಅದು ಒಂದು ತೋಪಿನಂತೆ ಕಾಣುತ್ತದೆ. ಸುಮಾರು ಮೂರು ಎಕರೆಗಳಷ್ಟು ನೆಲವನ್ನು ಆವರಿಸಿರುವ ಆ ತೋಪೆಲ್ಲವೂ ಒಂದೇ ಮರ! ಇದರ ವಯಸ್ಸು ಸುಮಾರು 400 ವರ್ಷಗಳೆಂದು ಹೇಳುತ್ತಾರೆ.

ಆಲದ ಮರದ ಬದುಕು ವಿಲಕ್ಷಣವಾದುದು. ಅದರ ಹೂವುಗಳು ಹೊರಗೆ ಕಾಣುವುದಿಲ್ಲ. ನಾವು ಹಣ್ಣೆಂದು ಕರೆಯುವ ಕೆಂಪು ಗುಂಡಿನೊಳಗೆ ಅಡಗಿರುತ್ತವೆ. ಸಾಸಿವೆಗಿಂತಲೂ ಚಿಕ್ಕದಾದ ಒಂದು ಬಗೆಯ ಕಣಜವು ಸಣ್ಣ ರಂಧ್ರದ ಮೂಲಕ ಒಳಹೊಕ್ಕು ಪರಾಗಸ್ಪರ್ಶ ಮಾಡುತ್ತದೆ. ಆ ಕಣಜವಿಲ್ಲದೆ ಆಲದಲ್ಲಿ ಬೀಜವಿಲ್ಲ. ಆಲವಿಲ್ಲದೆ ಆ ಕಣಜಕ್ಕೆ ಮೊಟ್ಟೆಯಿಡಲು ತಾವಿಲ್ಲ. ಹಣ್ಣನ್ನು ತಿಂದ ಕುಟ್ರುಹಕ್ಕಿ, ಮೈನಾ, ಬಾವಲಿಗಳು ಬೀಜವನ್ನು ದೂರ ಒಯ್ದು ಉದುರಿಸುತ್ತವೆ. ಕೊಂಬೆಗಳಿಂದ ಇಳಿದ ಬಿಳಲುಗಳು ಮೊದಲು ದಾರದಂತೆ ತೂಗಾಡುತ್ತಿದ್ದು, ನೆಲವನ್ನು ಮುಟ್ಟಿದೊಡನೆ ಬೇರೂರಿ, ಕ್ರಮೇಣ ಕಂಬಗಳಂತೆ ದಪ್ಪವಾಗಿ, ಮೇಲಿನ ಕೊಂಬೆಯನ್ನು ಹೊರುತ್ತವೆ. ಮೇಲಾಗಿ ಅದಕ್ಕೆ ಆಹಾರವನ್ನೂ ಒದಗಿಸುತ್ತವೆ. ಕೇತೋಹಳ್ಳಿಯ ಮರದಲ್ಲಿ ಇದಕ್ಕೆ ಕಣ್ಣೆದುರಿನ ಸಾಕ್ಷ್ಯವಿದೆ. ಸುಮಾರು 2000ದ ವೇಳೆಗೆ ರೋಗ ತಗುಲಿ ಅದರ ಮೂಲಕಾಂಡವೇ ನಾಶವಾಯಿತು. ಬೇರೆ ಯಾವ ಮರವಾಗಿದ್ದರೂ ಅಲ್ಲಿಗೇ ಮುಗಿಯುತ್ತಿತ್ತು. ಇದು ಮಾತ್ರ ನೂರಾರು ಬಿಳಲುಗಳ ಮೇಲೆ ನಿಂತು ಉಳಿದಿದೆ. ಮೂಲ ಎಲ್ಲಿತ್ತೆಂದು ಈಗ ಬಂದವರು ಕೇಳಿ ತಿಳಿಯಬೇಕು. ನೆರಳಿನಲ್ಲಿ ಗ್ರಾಮದೇವತೆಯ ಗುಡಿಯಿದೆ, ಕಡಲೆಕಾಯಿ ಮಾರುವವರಿದ್ದಾರೆ, ಪ್ರವಾಸಿಗರ ಕೈಯಿಂದ ಕಸಿಯುವ ಕೋತಿಗಳೂ ಇವೆ. ಕಾಂಡಗಳ ಮೇಲೆ ಹೆಸರು ಕೆತ್ತುವವರಿಗೂ ಕೊರತೆಯಿಲ್ಲ. ಆ ಗಾಯಗಳ ಮೂಲಕವೂ ರೋಗ ಒಳಹೊಕ್ಕೀತೆಂಬ ಅರಿವು ಅವರಿಗಿದ್ದಂತಿಲ್ಲ.

ಇಲ್ಲಿಂದ ರಸ್ತೆಯು ಮಂಚನಬೆಲೆಯ ಕಡೆಗೆ ಇಳಿಯುತ್ತದೆ. ಅಲ್ಲಿ ಅರ್ಕಾವತಿಗೆ ಅಡ್ಡಲಾಗಿ ಅಣೆಕಟ್ಟಿದೆ. ಇದೇ ನದಿಗೆ ಮೇಲ್ಭಾಗದ ತಿಪ್ಪಗೊಂಡನಹಳ್ಳಿಯಲ್ಲಿ, ಕುಮುದ್ವತಿಯು ಬಂದು ಕೂಡುವ ಎಡೆಯಲ್ಲಿ, 1933ರಲ್ಲಿ ಜಲಾಶಯವನ್ನು ಕಟ್ಟಲಾಯಿತು. ಬೆಂಗಳೂರಿನ ಪಶ್ಚಿಮ ಬಡಾವಣೆಗಳು ದಶಕಗಳ ಕಾಲ ಆ ನೀರನ್ನು ಕುಡಿದವು. ಮಂಚನಬೆಲೆಯ ನೀರು ನೋಟಕ್ಕೆ ಬಹಳ ಶಾಂತ; ಆದರೆ ಆಳ ತಿಳಿಯದೆ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ದಡದಲ್ಲಿ ನಿಂತು ನೋಡುವುದೇ ಇಲ್ಲಿ ಸರಿಯಾದ ಕ್ರಮ.

ನೀರಿನಾಚೆ ತಲೆಯೆತ್ತಿ ನಿಂತಿರುವುದೇ ಸಾವನದುರ್ಗ.

ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಬೆಟ್ಟವು ಏಷ್ಯಾ ಖಂಡದ ಅತಿದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾಗಿದೆ. ಇದಕ್ಕೆ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳು. ನಡುವೆ ಆಳವಾದ ಕಮರಿ. ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಪಟ್ಟೆಶಿಲೆ. ಸಾವನದುರ್ಗದ ಗ್ರಾನೈಟು ಅದಕ್ಕಿಂತ ಕಿರಿಯದು. ಸುಮಾರು 250 ಕೋಟಿ ವರ್ಷಗಳದು! ಭೂಗರ್ಭದಲ್ಲಿ ಕರಗಿದ ಶಿಲಾರಸವು ಮೇಲಕ್ಕೇರಿ, ನೆಲದಡಿಯಲ್ಲಿಯೇ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿದ್ದ ಪದರಗಳನ್ನು ಮಳೆ ಗಾಳಿಗಳು ಯುಗಯುಗಾಂತರ ಸವೆಸಿದ ಬಳಿಕ ಒಳಗಿನ ಬಂಡೆ ಹೊರಬಿದ್ದಿತು. ಹೊತ್ತ ಭಾರ ಇಳಿದುದರಿಂದ ಬಂಡೆಯು ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಸುಲಿಯುತ್ತದೆ. ಬೆಟ್ಟವು ಗುಂಡಗೆ, ನುಣ್ಣಗೆ ಇರುವುದು ಅದರಿಂದಲೇ. ಇಂತಹ ಶಿಲೆಯು ಕರ್ನಾಟಕದಲ್ಲಿ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟು ಎನ್ನುತ್ತಾರೆ. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಬದಲಾಗಲಿಲ್ಲ. ಈ ಬೆಟ್ಟಗಳ ಕಲ್ಲುಪೊದೆಗಳ ನಡುವೆ ಹಳದಿ ಕೊರಳಿನ ಪಿಕಳಾರವೆಂಬ ಅಪರೂಪದ ಹಕ್ಕಿ ವಾಸಿಸುತ್ತದೆ. ದಕ್ಷಿಣ ಭಾರತದ ಇಂತಹ ಬಂಡೆಗುಡ್ಡಗಳನ್ನು ಬಿಟ್ಟು ಲೋಕದ ಬೇರೆಲ್ಲಿಯೂ ಅದು ಇಲ್ಲ.

ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯಗಳಿವೆ. ಅವನ್ನು ದಾಟಿ ಹತ್ತತೊಡಗಿದರೆ ಮುರಿದ ಕೋಟೆಗೋಡೆಗಳು ಬಂಡೆಗೆ ಅಂಟಿಕೊಂಡಂತೆ ಕಾಣುತ್ತವೆ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶಜರಿಗೆ, 1638ರಲ್ಲಿ ಆ ನಗರವು ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ವಶವಾದ ಮೇಲೆ, ಮಾಗಡಿಯೂ ಈ ದುರ್ಗವೂ ಆಶ್ರಯವಾದವು. ದುರ್ಗವು 1728ರಲ್ಲಿ ಮೈಸೂರಿನವರ ಕೈಸೇರಿತು. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಟಿಪ್ಪುಸುಲ್ತಾನನ ಶ್ರೀರಂಗಪಟ್ಟಣದ ಮೇಲೆ ಏರಿಹೋಗಲು ಸಿದ್ಧನಾದನು. ಆದರೆ ಸಾವನದುರ್ಗವನ್ನು ಬೆನ್ನ ಹಿಂದೆ ಬಿಟ್ಟು ಮುಂದುವರಿದರೆ ಸೈನ್ಯಕ್ಕೆ ಬರುವ ದವಸಧಾನ್ಯದ ಹಾದಿ ಕಡಿದುಹೋಗುವ ಅಪಾಯವಿತ್ತು. ಸುತ್ತಲ ಬಿದಿರುಮೆಳೆಯ ಕಾಡಿನಲ್ಲಿ ಭಾರಿ ಫಿರಂಗಿಗಳನ್ನು ಎಳೆಸಿ, ದಿನಗಟ್ಟಲೆ ಹೊಡೆದು ಗೋಡೆಯನ್ನು ಒಡೆದು, ಡಿಸೆಂಬರ್ 21ರಂದು ಅವನ ಸೇನೆ ದುರ್ಗವನ್ನು ಹಿಡಿಯಿತು. ಅಭೇದ್ಯವೆನಿಸಿದ್ದ ದುರ್ಗ ಒಂದು ಹಗಲಿನಲ್ಲಿ ಬಿದ್ದಿತು. ಹತ್ತುವವನಿಗೆ ಇದು ನಂಬಲಾಗದ ಮಾತಾಗಿ ತೋರುತ್ತದೆ; ಬರಿಗೈಯಲ್ಲಿ ಹತ್ತುವಾಗಲೇ ಉಸಿರು ಕಟ್ಟುತ್ತದೆ. ತುದಿಯಲ್ಲಿ ನಂದಿಯ ಮಂಟಪವಿದೆ.

ಬೆಟ್ಟದಿಂದ 12 ಕಿಲೋಮೀಟರ್ ದೂರದಲ್ಲಿ ಮಾಗಡಿ. ಆ ತಾಲ್ಲೂಕಿನ ಕೆಂಪಾಪುರವೆಂಬ ಹಳ್ಳಿಯಲ್ಲಿ ಒಂದು ಹಳೆಯ ಕಟ್ಟಡವಿದ್ದಿತು. ಅದರ ಕಲ್ಲಿನ ಮೇಲೆ ಕನ್ನಡದಲ್ಲಿ ಬರಹವೂ ಇದ್ದಿತು. ಜನರು ಅದರ ಪಕ್ಕದಲ್ಲಿ ಹಾದುಹೋಗುತ್ತಿದ್ದರು, ಬರುತ್ತಿದ್ದರು. 2015ರಲ್ಲಿ ಆ ಅಕ್ಷರಗಳನ್ನು ಓದಿದಾಗ, ಅದು ಹಿರಿಯ ಕೆಂಪೇಗೌಡರು ಐಕ್ಯರಾದ ಸ್ಥಳವೆಂದು ತಿಳಿದುಬಂದಿತು. ಬೆಂಗಳೂರಿನಲ್ಲಿ ಬಸ್ಸು ನಿಲ್ದಾಣಕ್ಕೆ, ರಸ್ತೆಗೆ, ವಿಮಾನ ನಿಲ್ದಾಣಕ್ಕೆ ಯಾರ ಹೆಸರನ್ನು ಇಡಲಾಗಿದೆಯೋ ಅವರ ಸಮಾಧಿಯನ್ನು ನಾಡು ಗುರುತಿಸಲು ಇಷ್ಟು ಕಾಲ ಬೇಕಾಯಿತು.

ಬೆಂಗಳೂರಿನ ಸುತ್ತಲಿನ ಹಳ್ಳಿಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ, 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅವರ ಕಣ್ಣಿಗೆ ಬೀಳದ ಕಲ್ಲುಗಳು ಈಗಲೂ ಸಿಗುತ್ತಿವೆ. ಕ್ರಿ. ಶ. 750ರ ಸುಮಾರಿನ, ಕಿತ್ತಯ್ಯನೆಂಬ ವೀರನ ಹೆಸರುಳ್ಳ ಶಿಲಾಶಾಸನವು ನಗರದ ಹೆಬ್ಬಾಳದಲ್ಲಿ ಬೆಳಕಿಗೆ ಬಂದುದು 2018ರಲ್ಲಿ. ಪಶ್ಚಿಮದ ಹಳ್ಳಿಗಳಲ್ಲಿಯೂ ಹೊಲದ ಬದುಗಳಲ್ಲಿ, ಅರಳಿಕಟ್ಟೆಗಳ ಬಳಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ಕೆಲವಕ್ಕೆ ಅರಿಸಿನ ಕುಂಕುಮ ಸಲ್ಲುತ್ತದೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಬಡಾವಣೆಯ ಪಾಯ ತೋಡುವಾಗ ಒಡೆದುಹೋದವುಗಳ ಲೆಕ್ಕವಿಲ್ಲ.

ಸಂಜೆಯ ಹೊತ್ತಿಗೆ ಕೆಂಗೇರಿಗೆ ಮರಳುವವನು ಮತ್ತೆ ವೃಷಭಾವತಿಯನ್ನು ದಾಟಬೇಕು. ಇಳಿಬಿಸಿಲಿನಲ್ಲಿ ನೊರೆಯು ಹೊಳೆಯುತ್ತಿರುತ್ತದೆ. ದಡದ ಕೊಳಚೆಯ ನಡುವೆಯೂ ಒಂದೆರಡು ಬೆಳ್ಳಕ್ಕಿಗಳು ತಲೆ ತಗ್ಗಿಸಿ ಏನನ್ನೋ ಹುಡುಕುತ್ತಿರುತ್ತವೆ.